ವಿಭೂತಿ ಹಚ್ಚಿದ ಮೀಟರು

ಮಾರ್ಚ್ ತಿಂಗಳ ಕರೆಂಟ್ ಬಿಲ್ಲನ್ನು ಶರಣಮ್ಮ ತಂದು ಶೇಖಮ್ಮನ ಹೊಸ್ತಿಲ ಮೇಲಿಟ್ಟಳು. ಕೈಗೆ ಕೊಡುವ ರೂಢಿ ಆಕೆಗಿರಲಿಲ್ಲ. ಬಾಡಿಗೆ ತೆಗೆದುಕೊಳ್ಳುವಾಗ ಮಾತ್ರ ಅದೇ ಕೈ ತಾನಾಗಿ ಮುಂದೆ ಬರುತ್ತಿತ್ತು.

"ಎರಡು ನೂರಾ ಎಂಬತ್ತು ಯೂನಿಟ್ ಬಂದದ ನೋಡವ್ವಾ. ನಿನ್ನ ಗಂಡನ ಗಾಳಿ ಮಷೀನು ನಮ್ಮ ಮನಿ ಮಾರಸ್ತದ."

"ಡಾಕ್ಟರು ಹೇಳಿದಷ್ಟೇ ಹಚ್ಚೀನ್ರಿ ಅಮ್ಮಾರೇ."

"ಹಂಗಾರ ಬಿಲ್ಲೂ ಡಾಕ್ಟರಿಗೇ ಕಟ್ಟಂತ ಹೇಳು."

ಶೇಖಮ್ಮ ಬಿಲ್ಲನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಅಕ್ಷರ ಬರುತ್ತಿರಲಿಲ್ಲ, ಆದರೆ ಕೆಳಗಿನ ದೊಡ್ಡ ಅಂಕಿ ಬಾಡಿಗೆಯ ಅರ್ಧಕ್ಕಿಂತ ಹೆಚ್ಚಿದೆ ಎಂದು ತಿಳಿಯಲು ಅಕ್ಷರ ಬೇಕಿರಲಿಲ್ಲ. ತಿಂಗಳಿಗೆ ಇನ್ನೂರು ಯೂನಿಟ್ಟಿನ ಒಳಗಿದ್ದರೆ ಸರಕಾರ ಕಟ್ಟುತ್ತದೆ, ದಾಟಿದರೆ ಪೂರಾ ಬಿಲ್ಲು ಮನೆಯವರ ತಲೆಗೆ. ಇಷ್ಟು ಕಾನೂನು ರಾಯಚೂರಿನ ಗಂಜ್ ಹಿಂದಿನ ಆ ಓಣಿಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಒಳಗೆ ಮೌನಪ್ಪ ದಿಂಬಿಗೆ ಒರಗಿ ಕೂತಿದ್ದ. ಇಪ್ಪತ್ತಾರು ವರ್ಷ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿ, ಹೊಟ್ಟಿನ ಧೂಳು ಕುಡಿದು ಅವನ ಎದೆ ಹೋಗಿತ್ತು. ಸಂಕ್ರಾಂತಿ ಹೊತ್ತಿಗೆ ಒಂದು ಸೇವಾ ಸಂಘದವರು ಆ ಮಷೀನನ್ನು ಎರವಲು ಕೊಟ್ಟಿದ್ದರು. ಗೋಡೆಯ ಕರೆಂಟಿಗೆ ಹಚ್ಚಿದರೆ ಕೋಣೆಯ ಗಾಳಿಯನ್ನೇ ಸೋಸಿ ಸಣ್ಣ ನಳಿಗೆಯಿಂದ ಮೂಗಿಗೆ ಕೊಡುತ್ತಿತ್ತು. ದಿನಕ್ಕೆ ಹದಿನೈದು ತಾಸು ಬೇಕೇ ಬೇಕು ಎಂದು ಡಾಕ್ಟರು ಹೇಳಿದ್ದರು. ಮಷೀನು ಬಂದ ಮೇಲೆ ಮೌನಪ್ಪ ತಾನೇ ಎದ್ದು ಬಚ್ಚಲಿಗೆ ಹೋಗುತ್ತಿದ್ದ, ಒಂದಿಡೀ ರೊಟ್ಟಿ ತಿನ್ನುತ್ತಿದ್ದ, ಸೊಸೆಯನ್ನು ಚೇಷ್ಟೆ ಮಾಡುತ್ತಿದ್ದ. ಅವನು ಶೇಖಮ್ಮನ ತಾಯಿಯ ತಮ್ಮ. ಮದುವೆಯಾಗಿ ಮೂವತ್ತೈದು ವರ್ಷವಾದರೂ ಆಕೆ ಅವನನ್ನು ಕರೆಯುವುದು ಮಾಮಾ ಎಂದೇ.

"ಏನಂತ ಶರಣಮ್ಮಂದು?" ಎಂದ.

"ಏನಿಲ್ಲ ಮಾಮಾ. ನಳದ ನೀರು ನಾಳಿಗಿ ಬರ್ತದಂತ."

ಮೀಟರುಗಳ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಶರಣಮ್ಮನ ಗಂಡ ದೊಡ್ಡಪ್ಪ ಸಾವುಕಾರರದು ರಸ್ತೆಗೆ ಮುಖ ಮಾಡಿದ ಎರಡಂತಸ್ತಿನ ಮನೆ. ಹಿತ್ತಲ ಕಡೆಯ ಎರಡು ಕೋಣೆ ಶೇಖಮ್ಮನ ಸಂಸಾರಕ್ಕೆ ಬಾಡಿಗೆ. ಎರಡು ಮನೆಗೂ ಬೇರೆ ಬೇರೆ ಮೀಟರು, ಎರಡೂ ದೊಡ್ಡಪ್ಪನ ಹೆಸರಿನಲ್ಲಿ. ಮೊದಲು ಅವು ಕಂಪೌಂಡ್ ಗೋಡೆಯ ಒಳಮೈಗೆ ಇದ್ದವು. ಹೋದ ವರ್ಷ ಮಳೆಗಾಲ ಮುಗಿಯುತ್ತಲೇ ಕರೆಂಟಿನವರು ಬಂದು, ಮೀಟರು ರಸ್ತೆಗೆ ಕಾಣಬೇಕೆಂದು ಗೋಡೆಗೆ ತೂತು ಹೊಡೆದು ಅದೇ ಜಾಗದಲ್ಲಿ ಹೊರಮೈಗೆ ಹೊಸ ಮೀಟರು ಕೂರಿಸಿ ಹೋದರು. ಮಹಾನವಮಿಗೆ ಶರಣಮ್ಮ ಕುಡುಗೋಲು, ಸ್ಕೂಟರು, ಮಿಕ್ಸಿ ಎಲ್ಲಕ್ಕೂ ಪೂಜೆ ಮಾಡಿದಂತೆ ತಮ್ಮ ಮೀಟರಿಗೂ ಮೂರು ಬೆರಳಿನಿಂದ ವಿಭೂತಿ ಎಳೆದು ಕುಂಕುಮ ಇಟ್ಟಳು. ಬಾಡಿಗೆಯವರ ಮೀಟರು ಬೋಳಾಗಿಯೇ ಉಳಿಯಿತು. ಶೇಖಮ್ಮನ ಮನೆಯಲ್ಲಿ ಬುದ್ಧನ ಫೋಟೊ ಇತ್ತು, ಮೀಟರಿಗೆ ಕೈಮುಗಿಯುವ ಪದ್ಧತಿ ಇರಲಿಲ್ಲ.

ಬಿಲ್ಲು ಬರೆಯುವವನು ಪ್ರತಿ ತಿಂಗಳು ಬಂದು ಆಯಾ ಮೀಟರಿನ ಹಿಂದೆ ಆಯಾ ಬಿಲ್ಲು ಸಿಗಿಸಿ ಹೋಗುತ್ತಿದ್ದ. ವಿಭೂತಿಯದು ಶರಣಮ್ಮನದು, ಬೋಳಿನದು ಹಿತ್ತಲಿನವರದು. ಆಕೆಯ ಬಿಲ್ಲು ಯಾವಾಗಲೂ ಸೊನ್ನೆ. ಆ ಸೊನ್ನೆಯ ಬಿಲ್ಲುಗಳನ್ನು ಅಡುಗೆಮನೆ ಬಾಗಿಲ ತಂತಿಗೆ ಚುಚ್ಚಿ ಇಟ್ಟುಕೊಂಡು ಬಂದುಹೋದವರಿಗೆ ತೋರಿಸುವುದು ಆಕೆಗೊಂದು ಹೆಮ್ಮೆ. ಫೆಬ್ರವರಿಯಲ್ಲಿ ಮಗ ಕೊಟ್ರೇಶ ಮಹಡಿಗೆ ಎ.ಸಿ. ಹಾಕಿಸಿದ ಮೇಲೂ ಸೊನ್ನೆಯೇ ಬಂತು.

"ಐದು ಸ್ಟಾರಿಂದು ತಂದಾನ ನಮ್ಮ ಕೊಟ್ರೇಶ. ಕರೆಂಟ್ ಮುಟ್ಟಾದೇ ಇಲ್ಲ," ಎಂದು ಓಣಿಗೆಲ್ಲ ಹೇಳಿದಳು. ಓಣಿ ನಂಬಿತು. ಶೇಖಮ್ಮನೂ ನಂಬಿದಳು.

ಶನಿವಾರ ಸಂಜೆ ಮಗ ಶೇಖರ ದೇವದುರ್ಗದಿಂದ ಬಂದ. ಅಲ್ಲಿಯ ಶಾಲೆಯೊಂದರಲ್ಲಿ ಅವನು ಅತಿಥಿ ಶಿಕ್ಷಕ, ವಾರಕ್ಕೊಮ್ಮೆ ಮನೆಗೆ. ಅತಿಥಿ ಎಂಬ ಮಾತು ಸಂಬಳಕ್ಕೂ ಸಲ್ಲುತ್ತಿತ್ತು, ಯಾವಾಗ ಬರುತ್ತದೋ ಹೇಳುವಂತಿರಲಿಲ್ಲ. ರೊಟ್ಟಿ, ಪುಂಡಿಪಲ್ಯ ಬಡಿಸಿದ ತಟ್ಟೆಯ ಪಕ್ಕದಲ್ಲೇ ಬಿಲ್ಲನ್ನಿಟ್ಟುಕೊಂಡು ಲೆಕ್ಕ ಹಾಕಿದ.

"ಹದಿನೈದು ತಾಸಿಗಿ ನಾಕೂವರಿ ಯೂನಿಟ್. ತಿಂಗಳಿಗಿ ನೂರಾ ಮೂವತ್ತೈದು. ಫ್ಯಾನು, ಲೈಟು ಎಲ್ಲಾ ಕೂಡಿಸಿದ್ರೂ ನೂರಾ ಎಂಬತ್ತು ದಾಟಬಾರದು. ಮತ್ತ ನೂರು ಎಲ್ಲಿಂದ ಬಂತು?" ಹೆಂಡತಿಯ ಕಡೆ ತಿರುಗಿದ. "ಹೊಲಿಗಿ ಮಷೀನಿಗಿ ಮೋಟರ್ ಕೂಡಿಸೀಯಲ್ಲ, ಅದು."

ಮೌನೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನನ್ನ ಮೋಟರು ಬೆರಳಷ್ಟದ. ಆ ಜಂಪರ್ ಹೊಲಿದ ರೊಕ್ಕದಾಗೇ ನೀನೀಗ ಉಣ್ಣಾಕತ್ತೀದಿ."

"ಕೇಳಿದ್ದಕ್ಕ ಉತ್ತರ ಹೇಳು."

"ಹೇಳಾದೇನು? ನಾಳಿಗಿ ಮೋಟರ್ ಬಿಚ್ತೀನಿ. ಕಾಲಿಲೇ ತುಳಿತೀನಿ. ಆಗಲೂ ಬಿಲ್ಲು ಬಂತಂದ್ರ ನನ್ನ ಕಾಲು ಬಿಚ್ಚು."

ಮೋಟರು ಬಿಚ್ಚಿದಳು. ಫ್ಯಾನು ಮಧ್ಯಾಹ್ನಕ್ಕೆ ಮಾತ್ರ ಎಂದಾಯಿತು. ಮಷೀನನ್ನು ಹತ್ತು ತಾಸಿಗೆ ಇಳಿಸಿದರು. ಅಷ್ಟೆಲ್ಲ ಮಾಡಿ ಏಪ್ರಿಲ್ ಬಿಲ್ಲಿಗೆ ಕಾದರೆ ಮುನ್ನೂರಾ ಮೂವತ್ತು ಯೂನಿಟ್ ಬಂತು.

ಈ ಸಲ ದೊಡ್ಡಪ್ಪನೇ ಹಿತ್ತಲಿಗೆ ಬಂದ. ಹೊರಗೆ ನಿಂತೇ ಮಾತಾಡಿದ. "ಮೀಟರು ನನ್ನ ಹೆಸರಿಗದ. ಬಾಕಿ ಉಳದ್ರ ನನ್ನ ಮನಿ ಮ್ಯಾಲ ಕುಂದ್ರತದ. ಕಟ್ಟಾದಿದ್ರ ಕಟ್ರಿ, ಇಲ್ಲಂದ್ರ ಖಾಲಿ ಮಾಡ್ರಿ."

"ಸಾವ್ಕಾರ್ರೇ, ಮೀಟರ್ ತಪ್ಪು ತೋರಸ್ತದ," ಎಂದ ಶೇಖರ. "ಟೆಸ್ಟಿಗಿ ಬರಕೊಡ್ರಿ. ಅರ್ಜಿಗಿ ನಿಮ್ಮ ಸಹಿ ಬೇಕು."

"ನಾನ್ಯಾಕ ಸಹಿ ಮಾಡ್ಲಿ? ಅಂಥದೇ ಹೊಸಾ ಮೀಟರು ನಂದೂ ಅದ. ಸೊನ್ನಿ ಬರ್ತದ. ಮಂದಿ ಹೆಂಗ ಇರ್ತಾರೋ ಮೀಟರೂ ಹಂಗ ತೋರಸ್ತದ."

ಆ ಮಾತು ಶೇಖರನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಭಾನುವಾರ ಅವನು ಮನೆಯ ಎಲ್ಲ ಸ್ವಿಚ್ಚು ಆರಿಸಿ, ಅಪ್ಪನ ನಳಿಗೆಯನ್ನೂ ತೆಗೆಸಿ, ಹೊರಗೆ ಹೋಗಿ ಬೋಳು ಮೀಟರಿನ ಮುಂದೆ ನಿಂತ. ಅದರ ಕೆಂಪು ದೀಪ ಬಡಬಡ ಮಿಣುಕುತ್ತಲೇ ಇತ್ತು. ಮನೆಯಲ್ಲಿ ಏನೂ ಉರಿಯುತ್ತಿಲ್ಲ, ಮೀಟರು ಓಡುತ್ತಿದೆ. ಸಾವುಕಾರ ಕಳ್ಳ ವಾಯರು ಎಳೆದಿದ್ದಾನೆ ಎಂದು ಓಣಿಗೆ ಕೇಳುವಂತೆ ಕೂಗಾಡಿದ. ಅರ್ಧ ನಿಜ ಕಂಡವನ ಕೂಗು ಜೋರಾಗಿಯೇ ಇರುತ್ತದೆ.

ದೊಡ್ಡಪ್ಪ ರಸ್ತೆಗೇ ಇಳಿದುಬಂದ. ಎರಡು ವಾರ ಬಾಡಿಗೆ ತಡವಾದರೆ ಎದೆ ಬಡಿದುಕೊಳ್ಳುವ ಮನುಷ್ಯನೇ ಹೊರತು ಕಳ್ಳನಲ್ಲ. ಅವತ್ತೇ ವೈರಿಂಗ್ ಕೆಲಸದ ಖಲೀಲನನ್ನು ಕರೆಸಿ, ಶೇಖರನನ್ನೂ ಜೊತೆಗೆ ನಿಲ್ಲಿಸಿಕೊಂಡು, ಮನೆಯ ಒಂದೊಂದು ವಾಯರನ್ನೂ ತೋರಿಸಿದ. ಹಿತ್ತಲಿನಿಂದ ಮಹಡಿಗೆ ಎಳೆದ ಒಂದೆಳೆಯೂ ಸಿಗಲಿಲ್ಲ.

"ಎಲ್ಲೂ ಕೂಡಿಲ್ಲ ಮಾಸ್ತರ್ರೇ," ಎಂದ ಖಲೀಲ. "ಹೊಸಾ ಮೀಟರ್ ಲೈಟು ಹಂಗೇ ಮಿಣುಕ್ತದ. ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ."

ಶೇಖರ ಬೆವರು ಒರೆಸಿಕೊಂಡ. ಶೇಖಮ್ಮ ನಡುವೆ ಬಂದು ಕೈಮುಗಿದಳು. "ಹುಡುಗರ ಬುದ್ಧಿ ಸಾವ್ಕಾರ್ರೇ, ತಪ್ಪಾತು. ಹೊಟ್ಟಿಗಿ ಹಾಕ್ಕೊರ್ರಿ."

"ಹೊಟ್ಟಿ ತುಂಬಿತವ್ವಾ. ಮೇ ತಿಂಗಳು ಮುಗಿಯೋದ್ರಾಗ ಜಾಗಾ ನೋಡ್ಕೊರ್ರಿ. ಅಲ್ಲಿತನಕ ಆ ಬಿಲ್ಲು ನಾ ಒಂದು ಪೈಸಾ ಕಟ್ಟಂಗಿಲ್ಲ. ಬಂದು ಕಟ್ ಮಾಡ್ಲಿ, ಆಗ ತಿಳಿತದ ನಿಮಗ."

ಕಟ್ ಮಾಡಿದರೆ ಮಷೀನು ನಿಲ್ಲುತ್ತದೆ.

ಅಂದು ಉಣ್ಣುವ ಹೊತ್ತಿಗೆ ಗಂಡ ಹೆಂಡತಿಗೆ ಮತ್ತೆ ಹತ್ತಿತು. ನೀನಾದರೂ ಮನೆಯಲ್ಲೇ ಇರುವವಳು, ಏನು ಉರಿಯುತ್ತದೆ ಎಂದು ನೋಡಬಾರದಿತ್ತೇ ಎಂದ ಶೇಖರ. ಮೌನೇಶ್ವರಿ ತಟ್ಟೆ ಸರಿಸಿ ಎದ್ದಳು. ಮರುದಿನ ಹೊಲಿಗೆ ಮಷೀನನ್ನು ಆಟೊಗೆ ಏರಿಸಿ ಮಾನ್ವಿಯ ತವರಿಗೆ ಹೊರಟುಬಿಟ್ಟಳು.

"ಅತ್ತಿ, ಸಿಟ್ಟಿಗೆದ್ದು ಹೊಂಟಿಲ್ಲ. ನಾ ಇಲ್ಲಿದ್ರ ನನ್ನ ಮ್ಯಾಲೇ ಬರ್ತದ. ಅಲ್ಲಿ ಹೊಲಿದು ರೊಕ್ಕ ಕಳಸ್ತೀನಿ. ಮಾವಗ ಬೆಲ್ಲದ ಚಾ ಮಾಡಿಕೊಡ್ರಿ, ಸಕ್ರಿದು ಕುಡಿಯಂಗಿಲ್ಲ ಅವ."

ಶೇಖಮ್ಮ ಮನೆ ಹುಡುಕಲು ಓಣಿ ಓಣಿ ತಿರುಗಿದಳು. ಅರ್ಧ ಮಂದಿ ಯಾವ ಪೈಕಿ ಎಂದು ಕೇಳಿ ಬಾಗಿಲು ಮುಂದೆ ಮಾಡಿದರು. ಉಳಿದರ್ಧ ಮಂದಿ ಅದನ್ನು ಕೇಳಲಿಲ್ಲ, ಮನೆಯಲ್ಲಿ ಎಷ್ಟು ಜನ ಎಂದರು, ಸೀಕಿನ ಮನುಷ್ಯ ಇದ್ದಾನೆ ಎಂದೊಡನೆ ಅವರೂ ಬಾಗಿಲು ಮುಂದೆ ಮಾಡಿದರು. ಬಸವಂತಮ್ಮ ಎಂಬ ಮುದುಕಿಯೊಬ್ಬಳು ಮಾತ್ರ ಕೂರಿಸಿ ನೀರು ಕೊಟ್ಟಳು. ಕೊಡಲು ಆಕೆಯ ಹತ್ತಿರ ಕೋಣೆ ಇರಲಿಲ್ಲ.

"ಕುರ್ಡಿಗಿ ಹೋಗಾಮು," ಎಂದ ಮೌನಪ್ಪ. ಅವನ ಊರು ಅದು, ಮಾನ್ವಿ ಕಡೆ.

"ಅಲ್ಲಿ ಕರೆಂಟ್ ಇದ್ದಷ್ಟು ಹೊತ್ತಿಗಿಂತ ಹೋದ ಹೊತ್ತೇ ಜಾಸ್ತಿ ಮಾಮಾ. ಮಷೀನು ಹೆಂಗ ನಡಿತದ?"

"ನಾ ಮಷೀನು ಹಚ್ಚಿಕೊಂಡೇ ಹುಟ್ಟಿದಂಗ ಮಾತಾಡ್ತಿ. ಅದಕ್ಕೂ ಮೊದಲು ನಾ ಉಸಿರಾಡಿಲ್ಲೇನು?"

ಇದನ್ನು ಹೇಳಿ ಮುಗಿಸಲು ಅವನು ಮೂರು ಸಲ ನಿಲ್ಲಬೇಕಾಯಿತು.

ಮಷೀನು ಆರು ತಾಸಿಗೆ ಇಳಿಯಿತು. ಬೆಳಿಗ್ಗೆ ಎರಡು, ಸಂಜೆ ನಾಲ್ಕು. ಬಿಸಿಲು ನಲವತ್ನಾಲ್ಕು ಡಿಗ್ರಿ. ಮಹಡಿಯ ಎ.ಸಿ.ಯ ನೀರು ಪೈಪಿನಿಂದ ಹಿತ್ತಲ ಕಲ್ಲಿನ ಮೇಲೆ ತೊಟತೊಟ ಬೀಳುತ್ತಿತ್ತು. ಶೇಖಮ್ಮ ಅದಕ್ಕೊಂದು ಬಕೆಟ್ಟು ಇಟ್ಟು, ಆ ನೀರಿನಲ್ಲಿ ಬಟ್ಟೆ ಅದ್ದಿ ಗಂಡನ ಎದೆಗೆ ಹಾಕುತ್ತಿದ್ದಳು. ಮಧ್ಯಾಹ್ನ ಎರಡರ ಸುಮಾರಿಗೆ ಅವನ ತುಟಿ ನೇರಳೆಗೆ ತಿರುಗುತ್ತಿತ್ತು. ನೋಡಲಾಗದೆ ಒಂದು ದಿನ ಮಷೀನು ಹಚ್ಚಿದಳು. ಮರುದಿನವೂ ಹಚ್ಚಿದಳು. ಆಮೇಲೆ ದಿನಾ ಅರ್ಧ ತಾಸು ಕಳ್ಳತನದಲ್ಲಿ ಹಚ್ಚತೊಡಗಿದಳು. ತನ್ನ ಗಂಡನಿಗೆ ಉಸಿರು ಕದ್ದು ಕೊಡುವ ಹೆಂಗಸಿನ ಜೀವ ಹೇಗಿದ್ದೀತು, ಯಾರಾದರೂ ಊಹಿಸಬಹುದು.

ಮೇ ಎರಡನೆಯ ವಾರ ಬಂದ ಆ ತಿಂಗಳ ಬಿಲ್ಲು ಮುನ್ನೂರಾ ತೊಂಬತ್ತು ಯೂನಿಟ್.

ಶೇಖರ ಅದನ್ನು ಹಿಡಿದುಕೊಂಡು ಗೋಡೆಗೆ ಒರಗಿ ಕೂತ. "ಯವ್ವಾ, ಖರೇ ಹೇಳು. ನೀ ನಡುವ ಮಷೀನ್ ಹಚ್ಚಿದಿ?"

ಶೇಖಮ್ಮ ನೆಲ ನೋಡಿದಳು. "ದಿನಾ ಅರ್ಧ ತಾಸು. ತುಟಿ ಕಪ್ಪಾಗ್ತಿತ್ತಪ್ಪಾ."

"ಅರ್ಧ ತಾಸಿಗಿ ಇಷ್ಟು ಬರ್ತದೇನು? ದಿನಪೂರ್ತಿ ಹಚ್ಚೀದಿ ನೀ. ನಾ ಅಲ್ಲಿ ಮಂದಿ ಕಾಲು ಹಿಡಿದು ಸಾಲ ಕೇಳಾಕತ್ತೀನಿ, ನೀ ಇಲ್ಲಿ ಸುಳ್ಳು ಹೇಳಾಕತ್ತೀದಿ. ನಾಳಿಗಿ ಬೀದಿಗಿ ಬಿದ್ರ ಅಪ್ಪನ್ನ ಎಲ್ಲಿ ಮಲಗಸ್ತಿ? ಹೇಳು, ಎಲ್ಲಿ ಮಲಗಸ್ತಿ?"

ಆಕೆಗೆ ತನ್ನ ಮೇಲೇ ಅನುಮಾನ ಬಂತು. ಅರ್ಧ ತಾಸು ಎಂದು ತಾನು ತಿಳಿದಿದ್ದು ಮೂರು ತಾಸೇ ಆಗಿರಬಹುದೇ, ಕೂತಲ್ಲೇ ಕಣ್ಣು ಹತ್ತಿತ್ತೇ. "ತಪ್ಪಾತು," ಎಂದಳು. ಮಾಡದ ತಪ್ಪಿಗೆ ಆ ಒಂದೇ ಬೇಸಿಗೆಯಲ್ಲಿ ಆಕೆ ಆ ಮಾತನ್ನು ಹೇಳಿದ್ದು ಎರಡನೆಯ ಸಲ.

ಒಳಗೆ ಮಂಚದ ಮೇಲೆ ಮೌನಪ್ಪ ಎಲ್ಲ ಕೇಳಿಸಿಕೊಂಡ. ನಳಿಗೆಯನ್ನು ಮೂಗಿನಿಂದ ತೆಗೆದ, ಸುತ್ತಿದ, ತಲೆಯ ಹತ್ತಿರದ ಮೊಳೆಗೆ ನೇತುಹಾಕಿದ. ಕೈಚಾಚಿ ಸ್ವಿಚ್ಚು ಆರಿಸಿದ. ಅವತ್ತಿನಿಂದ ಶೇಖಮ್ಮ ಎಷ್ಟು ಅಂಗಲಾಚಿದರೂ ಹಾಕಿಸಿಕೊಳ್ಳಲಿಲ್ಲ. ಬಲವಂತದಿಂದ ಹಾಕಿದರೆ ಆಕೆ ಒಲೆಯ ಕಡೆ ತಿರುಗುವಷ್ಟರಲ್ಲಿ ಕೈ ಸ್ವಿಚ್ಚಿನ ಮೇಲಿರುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಎಚ್ಚರ ತಪ್ಪಿತು. ದೊಡ್ಡಾಸ್ಪತ್ರೆಗೆ ಒಯ್ದರು. ಮಾನ್ವಿಯಿಂದ ಮೌನೇಶ್ವರಿ ಓಡಿಬಂದಳು. ಆರು ದಿನ ಇಟ್ಟುಕೊಂಡು ಡಾಕ್ಟರು ಮನೆಗೆ ಕಳಿಸುವಾಗ ಶೇಖರನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಶೇಖಮ್ಮ ಕೇಳಿಸಿಕೊಂಡಳು. ಗಾಳಿ ಸಾಲದೆ ಗುಂಡಿಗೆ ಬಾತಿದೆ. ಎರಡು ತಿಂಗಳು ಸರಿಯಾಗಿ ಹಚ್ಚಿದ್ದರೆ ಇಷ್ಟಾಗುತ್ತಿರಲಿಲ್ಲ. ಇನ್ನು ಮಷೀನು ಇದ್ದರೂ ಎಷ್ಟು ದಿನವೋ ಹೇಳಲಾಗದು. ಮನೆಗೆ ಬಂದ ಮೇಲೂ ಮೌನಪ್ಪ ನಳಿಗೆ ಕಿತ್ತು ಸ್ವಿಚ್ಚು ಆರಿಸುವುದನ್ನು ಬಿಡಲಿಲ್ಲ.

ಮೇ ಇಪ್ಪತ್ತೆಂಟರಂದು, ಹನ್ನೊಂದು ಗಂಟೆಗೆ, ಲೈನ್‌ಮನ್ ಅಲ್ಲಾಉದ್ದೀನ್ ಬಾಕಿದಾರರ ಪಟ್ಟಿ ಹಿಡಿದು ಬಂದ. ದೊಡ್ಡಪ್ಪ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

"ಬರ್ರಿ ಬರ್ರಿ. ವಿಭೂತಿ ಇಲ್ಲದ್ದು ನೋಡ್ರಿ, ಅದು. ನಂಬರ್ ತಾಳಿ ಮಾಡ್ಕೊರ್ರಿ ಬೇಕಾರ."

ಅಲ್ಲಾಉದ್ದೀನ್ ನಂಬರು ತಾಳೆ ಮಾಡಿದ. ಸರಿಯಿತ್ತು. ಶೇಖಮ್ಮ ಓಡಿಬಂದು ಮೀಟರಿಗೆ ಬೆನ್ನು ಕೊಟ್ಟು ನಿಂತಳು. "ಯಪ್ಪಾ, ಒಳಗ ಮನುಷ್ಯಾ ಸಾಯಾಕತ್ತಾನ. ಮಷೀನಿನ ಮ್ಯಾಲ ಅವನ ಜೀವ ಅದ. ಎರಡು ದಿನ ತಡಿ. ನಿನ್ನ ಕಾಲಿಗಿ ಬೀಳ್ತೀನಿ."

"ನನ್ನ ಕೈಯಾಗೇನದ ಅಮ್ಮಾ? ಸಂಜಿಗಿ ಫೋಟೊ ತಗದು ಕಳಸಬೇಕು ನಾನು." ಅವನ ಮುಖವೂ ಸಣ್ಣದಾಗಿತ್ತು. "ಸಾವ್ಕಾರ್ರೇ, ನೀವರೆ ಕಟ್ಟಿಬಿಡ್ರಿ. ಪಾಪ ಅನಸ್ತದ."

"ಪಾಪ ಅಂತ ಎರಡು ತಿಂಗಳು ಬಿಟ್ಟೀನಿ. ತಗೀ ನೀನು."

ಮೌನೇಶ್ವರಿ ಅತ್ತೆಯನ್ನು ತಬ್ಬಿ ಪಕ್ಕಕ್ಕೆ ಎಳೆದಳು. ಅಲ್ಲಾಉದ್ದೀನ್ ಬೋಳು ಮೀಟರಿನ ಫ್ಯೂಜು ಕಿತ್ತ.

ಶರಣಮ್ಮನ ಅಡುಗೆಮನೆಯಲ್ಲಿ ಗರ್ ಎನ್ನುತ್ತಿದ್ದ ಮಿಕ್ಸಿ ನಿಂತಿತು. ಮಹಡಿಯ ಎ.ಸಿ. ಒಮ್ಮೆ ಗಡಗಡಿಸಿ ಸುಮ್ಮನಾಯಿತು. "ಯಪ್ಪಾ, ಕರೆಂಟ್ ಹೋತು," ಎಂದು ಮೇಲಿನಿಂದ ಕೊಟ್ರೇಶ ಕೂಗಿದ.

ಶೇಖಮ್ಮ ಹಿತ್ತಲಿಗೆ ಓಡಿದಳು, ಗಂಡನ ಬಾಯಿಗೆ ಬೀಸಣಿಗೆಯಿಂದಾದರೂ ಗಾಳಿ ಹಾಕಲೆಂದು. ಬಾಗಿಲಲ್ಲೇ ನಿಂತಳು. ಕೋಣೆಯ ಫ್ಯಾನು ತಿರುಗುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಯಾರೂ ಆರಿಸಿರದ ಫ್ಯಾನು, ಏನೂ ಆಗದಂತೆ ತಿರುಗುತ್ತಲೇ ಇತ್ತು.

ಆಕೆ ಮರಳಿ ಗೇಟಿಗೆ ಬಂದಾಗ ಅಲ್ಲಾಉದ್ದೀನ್ ಗೋಡೆಯ ಒಳಮೈಯನ್ನೂ ಹೊರಮೈಯನ್ನೂ ಎರಡೆರಡು ಸಲ ನೋಡುತ್ತಿದ್ದ.

"ಅಮ್ಮಾರೇ, ಮೊದಲು ಮೀಟರು ಒಳಗಿದ್ದಾಗ ನಿಮ್ಮದು ಯಾವ ಕಡಿ ಇತ್ತು?"

"ಎಡಕ್ಕ," ಎಂದಳು ಶರಣಮ್ಮ. "ಈಗೂ ಎಡಗಡಿದಕ್ಕೇ ವಿಭೂತಿ ಹಚ್ಚೀನಿ. ನನಗೇನು ಗೊತ್ತಾಗಲ್ಲೇನು ನಮ್ದು ಯಾವುದಂತ?"

"ಒಳಗ ನಿಂತು ನೋಡಿದ್ರ ಎಡಕ್ಕಿದ್ದದ್ದು, ಅದೇ ಗೋಡಿ ಹೊರಗ ನಿಂತು ನೋಡಿದ್ರ ಬಲಕ್ಕ ಬರ್ತದಲ್ರೀ ಅಮ್ಮಾ." ಅವನು ಮೆಲ್ಲಗೆ ಹೇಳಿದ. "ವಿಭೂತಿದು ಅವರದು. ಬೋಳಿಂದು ನಿಮ್ದು. ಮಹಾನವಮಿಯಿಂದ ಹಂಗೇ ನಡದದ."

ದೊಡ್ಡಪ್ಪ ಕುರ್ಚಿಯಿಂದ ಎದ್ದ, ಮತ್ತೆ ಕೂತ. ಖಲೀಲ ಹುಡುಕಿದ್ದ ಕಳ್ಳ ವಾಯರು ಸಿಗದೇ ಇದ್ದದ್ದು ಸರಿಯೇ. ಕೆಂಪು ದೀಪ ಮಿಣುಕಿದ್ದೂ ಸರಿಯೇ. ಅದು ಮಹಡಿಯ ತಂಪಿಗೆ ಮಿಣುಕುತ್ತಿತ್ತು.

ಮೌನೇಶ್ವರಿ ಯಾರ ಅಪ್ಪಣೆಯನ್ನೂ ಕೇಳದೆ ಸಾವುಕಾರರ ಅಡುಗೆಮನೆಗೆ ಹೋದಳು. ಆರು ವರ್ಷದ ಬಾಡಿಗೆಯಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ತಂತಿಯಿಂದ ಸೊನ್ನೆಯ ಬಿಲ್ಲುಗಳನ್ನು ಕಿತ್ತು ತಂದು, ಕೆಳಗಿನ ಸೊನ್ನೆಯನ್ನು ಬಿಟ್ಟು ನಡುವಿನ ಅಂಕಿಯನ್ನು ಅತ್ತೆಗೆ ಓದಿ ಹೇಳಿದಳು.

"ಫೆಬ್ರವರಿ, ನೂರಾ ಎಪ್ಪತ್ತೆಂಟು. ಮಾರ್ಚ್, ನೂರಾ ಎಪ್ಪತ್ತಾರು. ಏಪ್ರಿಲ್, ನೂರಾ ಇಪ್ಪತ್ತು." ಕೊನೆಯ ಬಿಲ್ಲನ್ನು ತಿರುವಿದಳು. "ಮೇ, ಎಪ್ಪತ್ತೊಂಬತ್ತು."

"ಅಂದ್ರ ಹದಿನೈದು ತಾಸು ಹಚ್ಚಿದಾಗೂ ಇನ್ನೂರು ದಾಟಿರಲಿಲ್ಲೇನು?" ಎಂದು ಕೇಳಿದಳು ಶೇಖಮ್ಮ.

"ದಾಟಿರಲಿಲ್ಲ ಅತ್ತಿ. ಒಂದು ತಿಂಗಳೂ ದಾಟಿರಲಿಲ್ಲ."

ಶರಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮುಂದೆ ಬಂದು, ಎಂದೂ ಮುಟ್ಟದ ಕೈಯಿಂದ ಶೇಖಮ್ಮನ ತೋಳು ಹಿಡಿದಳು. "ಯವ್ವಾ, ನನಗ ತಿಳೀಲಿಲ್ಲ. ಶರಣರ ಆಣಿ, ನನಗ ತಿಳೀಲಿಲ್ಲ."

ಶೇಖಮ್ಮ ಆ ಕೈಯನ್ನು ಬಿಡಿಸಿಕೊಂಡಳು. ಒಳಗೆ ಹೋದಳು. ಮೊಳೆಯಿಂದ ನಳಿಗೆ ತೆಗೆದು ಗಂಡನ ಮೂಗಿಗೆ ಹಾಕಿ, ಕಿವಿಯ ಹಿಂದೆ ಸಿಗಿಸಿ, ಸ್ವಿಚ್ಚು ಒತ್ತಿದಳು. ಮಷೀನು ಗುಂಯ್ ಎಂದು ಎದ್ದಿತು.

"ಮಾಮಾ, ಇನ್ನ ಬಂದ್ ಮಾಡಂಗಿಲ್ಲ. ಬಿಲ್ಲು ಅವರದು. ನಮ್ದು ಸೊನ್ನಿ. ಕೇಳ್ತದೇನು, ನಮ್ದು ಮೊದಲಿಂದ್ಲೂ ಸೊನ್ನಿನೇ ಇತ್ತು."

ಮೌನಪ್ಪ ಕಣ್ಣು ತೆರೆದು ಮಷೀನಿನ ಕಡೆ ನೋಡಿದ. ಆಕೆ ಹೇಳಿದ್ದು ಅವನಿಗೆ ಮುಟ್ಟಿದಂತೆ ಕಾಣಲಿಲ್ಲ. ಮಷೀನು ಓಡುತ್ತಿದೆ ಎಂಬುದಷ್ಟೇ ಮುಟ್ಟಿತು. ಅವನ ಬಲಗೈ ಮಂಚದ ಮೇಲಿಂದ ಎದ್ದು ಸ್ವಿಚ್ಚಿನ ಕಡೆ ಹೊರಟಿತು.

"ಬ್ಯಾಡ ಮಾಮಾ."

ಆಕೆ ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಎದೆಗೆ ಒತ್ತಿಕೊಂಡಳು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅವನು ಅದನ್ನು ಬಿಡಿಸಿಕೊಳ್ಳಲು ನೋಡುತ್ತಲೇ ಇದ್ದ.